ಐವತ್ತೊಂಬತ್ತರ ಮುಖಕ್ಕೊಬ್ಬಳು ಮೇಕಪ್ಪಿನವಳು

ಮೊನ್ನೆ ಬೆಳಿಗ್ಗೆ ನಮ್ಮವರು ಬಾಲ್ಕನಿಯಲ್ಲಿ ಕೂತು ಬಹಳ ಶ್ರದ್ಧೆಯಿಂದ ಕನ್ನಡಕ ಒರೆಸುತ್ತಿದ್ದರು. ಪಣಂಬೂರಿನ ಬಂದರಿನಲ್ಲಿ ಮೂವತ್ತು ವರ್ಷ ಕ್ರೇನುಗಳ ಮೇಲ್ವಿಚಾರಣೆ ಮಾಡಿ ನಿವೃತ್ತರಾದವರು. ಈಗ ಮನೆಯಲ್ಲಿ ಮೇಲ್ವಿಚಾರಣೆಗೆ ಏನೂ ಸಿಗದೆ ಕನ್ನಡಕವನ್ನೇ ದಿನಕ್ಕೆ ನಾಲ್ಕು ಸಲ ಒರೆಸುತ್ತಾರೆ.

“ಇದು ಒಳ್ಳೆ ವಸ್ತು ಮಾರಾಯ್ತಿ. ಮೆತ್ತಗೆ ಉಂಟು, ಗೀರೂ ಬೀಳುವುದಿಲ್ಲ. ಎಲ್ಲಿ ಸಿಕ್ಕಿತು?” ಎಂದು ಕೈಯಲ್ಲಿದ್ದುದನ್ನು ಎತ್ತಿ ತೋರಿಸಿದರು.

ಗುಲಾಬಿ ಬಣ್ಣದ, ಕೋಳಿಮೊಟ್ಟೆಯ ಗಾತ್ರದ, ಒಂದು ತುದಿ ಚೂಪಾದ ಸ್ಪಂಜು ಅದು. ಅದರಿಂದ ಮುಖಕ್ಕೆ ಬಣ್ಣ ಹಚ್ಚುತ್ತಾರೆ, ಅದಕ್ಕಾಗಿ ನಾನು ಮಾಲಿನ ಎಸಿಯಲ್ಲಿ ಒಂದು ಗಂಟೆ ಚಳಿ ತಿಂದಿದ್ದೆ ಎಂದೆಲ್ಲ ಹೇಳಲು ಹೋದರೆ ಕತೆ ದೊಡ್ಡದಾಗುತ್ತದೆ. “ಒರೆಸಿ, ಒರೆಸಿ” ಎಂದು ಒಳಗೆ ಬಂದೆ. ನಿಮಗಾದರೆ ಹೇಳಬಹುದು. ನಿಮಗೂ ಸಮಯ ಉಂಟು, ನನಗೂ ಉಂಟು.

ಮೊದಲೇ ಹೇಳಿಬಿಡುತ್ತೇನೆ, ನಾನು ಮೇಕಪ್ಪಿನ ವಂಶದವಳಲ್ಲ. ನಮ್ಮದು ಗದ್ದೆ ಬೇಸಾಯ ಮಾಡಿಕೊಂಡಿದ್ದ ಕುಟುಂಬ. ಅಮ್ಮನ ಸೌಂದರ್ಯಸಾಧನವೆಂದರೆ ಸ್ನಾನಕ್ಕೆ ಮೊದಲು ಅರಸಿನ, ಸ್ನಾನದ ಮೇಲೆ ತೆಂಗಿನೆಣ್ಣೆ. ಕಾಡಿಗೆಯನ್ನು ಮನೆಯಲ್ಲೇ ಮಾಡುತ್ತಿದ್ದರು. ಹಣತೆಯ ಮೇಲೆ ಕಂಚಿನ ಬಟ್ಟಲು ಕವುಚಿ ಹಾಕಿ, ಹಿಡಿದ ಮಸಿಗೆ ತುಪ್ಪ ಸೇರಿಸಿ, ಬೆರಳಲ್ಲಿ ತೆಗೆದು, ನಾವು ಅತ್ತರೂ ಬಿಡದೆ ಕಣ್ಣಿಗೆ ಎಳೆಯುತ್ತಿದ್ದರು. ಅತ್ತರೆ ಅದು ಗಲ್ಲದವರೆಗೆ ಇಳಿಯುತ್ತಿತ್ತು. ಶಾಲೆಗೆ ಹಾಗೆಯೇ ಹೋಗುತ್ತಿದ್ದೆವು. ಯಾರೂ ಏನೂ ಹೇಳುತ್ತಿರಲಿಲ್ಲ, ಎಲ್ಲರ ಮನೆಯಲ್ಲೂ ಹಣತೆ ಇತ್ತು, ಬಟ್ಟಲಿತ್ತು, ಅಮ್ಮ ಇದ್ದಳು.

ಬಹ್ರೈನಿನಲ್ಲಿದ್ದ ನಮ್ಮ ಮಾವ ಒಮ್ಮೆ ಊರಿಗೆ ಬರುವಾಗ ಒಂದು ಲಿಪ್‌ಸ್ಟಿಕ್ ತಂದಿದ್ದರು. ಯಾರಿಗೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಜ್ಜಿ ಅದನ್ನು ತಿರುಗಿಸಿ ನೋಡಿ, ವಿದೇಶದ ಕುಂಕುಮ ಎಂದು ತೀರ್ಮಾನಿಸಿ, ಹಣೆಗೆ ದೊಡ್ಡದಾಗಿ ಒತ್ತಿಕೊಂಡರು. ಆ ಬೊಟ್ಟು ಮೂರು ದಿನ ಸ್ನಾನಕ್ಕೂ ಜಗ್ಗಲಿಲ್ಲ. “ಕೆಲಸ ಅಂದರೆ ಹೀಗೆ ಮಾಡಬೇಕು, ನಮ್ಮವರಿಗೆ ಬರುವುದಿಲ್ಲ” ಎಂದು ಅಜ್ಜಿ ಪರದೇಶದವರನ್ನು ಬಹಳ ಕಾಲ ಹೊಗಳಿದರು.

ನನ್ನ ಮೊದಲ ಮೇಕಪ್ ಕಲಾವಿದರು ನಮ್ಮ ಡ್ರಾಯಿಂಗ್ ಮಾಸ್ಟ್ರು. ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ನನಗೆ ಜಿಂಕೆಯ ಪಾತ್ರ. ಬೆಂಚುಗಳಿಗೆ ನಂಬರ್ ಬರೆಯುವ ಕುಂಚದಲ್ಲೇ ಅವರು ನನ್ನ ಮುಖಕ್ಕೆ ಬಿಳಿ ಚುಕ್ಕೆ ಇಟ್ಟರು. ಕುಂಚದಲ್ಲಿ ಹಳೆಯ ಬಣ್ಣ ಉಳಿದಿತ್ತೋ ಏನೋ, ಚುಕ್ಕೆ ಒಂದು ವಾರ ಹೋಗಲಿಲ್ಲ. ಅದು ಸಿಡುಬೇ ಇರಬೇಕೆಂದು ಪಕ್ಕದ ಮನೆಯವರು ನಮ್ಮ ಬಾವಿಗೆ ಬರುವುದನ್ನು ನಿಲ್ಲಿಸಿದ್ದರು.

ಅದಾದ ಮೇಲೆ ನನ್ನ ಮುಖಕ್ಕೆ ಕೆಲಸ ಬೀಳಲಿಲ್ಲ. ಮಂಗಳೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದೆ. ಅಲ್ಲಿ ಬೇಕಾದದ್ದು ಗಂಟಲು ಮಾತ್ರ. ಟ್ರಂಕ್ ಕಾಲ್ ಮಾಡುತ್ತಿದ್ದ ಒಬ್ಬ ವ್ಯಾಪಾರಿ ನನ್ನ ಸ್ವರಕ್ಕೆ ಎಷ್ಟು ಮರುಳಾಗಿದ್ದನೆಂದರೆ ಒಂದು ದಿನ ಸಿಹಿತಿಂಡಿಯ ಪೊಟ್ಟಣ ಹಿಡಿದುಕೊಂಡು ಕಚೇರಿಗೇ ಬಂದ. “ಜಯಂತಿ ಮೇಡಂ ಯಾರು?” ಎಂದು ಕೇಳಿದ. “ನಾನೇ” ಎಂದೆ. ಅವನು ನನ್ನನ್ನು ನೋಡಿದ, ಪೊಟ್ಟಣವನ್ನು ನೋಡಿದ, “ಎಲ್ಲರೂ ಹಂಚಿಕೊಳ್ಳಿ” ಎಂದು ಹೇಳಿ ಹೋದ. ನಾವು ಹಂಚಿಕೊಂಡೆವು. ತಿಂಡಿ ಚೆನ್ನಾಗಿತ್ತು.

ಹೀಗೆ ಐವತ್ತೊಂಬತ್ತು ವರ್ಷ ಮುಖವೆಂಬುದು ಒಂದಿದೆ ಎಂಬುದನ್ನೇ ಮರೆತು ಸುಖವಾಗಿದ್ದವಳಿಗೆ ಪೆಟ್ಟು ಬಿದ್ದದ್ದು ರಕ್ಷಾಳ ನಿಶ್ಚಿತಾರ್ಥದಲ್ಲಿ.

ರಕ್ಷಾ ನಮ್ಮ ಸುಮತಿ ಅಕ್ಕನ ಮಗಳು. ಸುಮತಿ ಅಕ್ಕ ಎಂದರೆ ನಮ್ಮವರ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ನನಗಿಂತ ಎರಡು ವರ್ಷ ದೊಡ್ಡವರು. ಈ ಎರಡು ವರ್ಷವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮದುವೆಯಾಗಿ ಬಂದ ಮೇಲೆ ಹನ್ನೊಂದು ವರ್ಷ ಕೊಡಿಯಾಲ್‌ಬೈಲಿನ ಹಳೇ ಮನೆಯಲ್ಲಿ ನಾವಿಬ್ಬರೂ ಒಟ್ಟಿಗಿದ್ದವರು. ಒಂದೇ ಒಲೆ, ಒಂದೇ ಕನ್ನಡಿ, ಒಬ್ಬರೇ ಅತ್ತೆ. ಬೆಳಿಗ್ಗೆ ಕನ್ನಡಿಯ ಮುಂದೆ ಅಕ್ಕನಿಗೆ ಹತ್ತು ನಿಮಿಷ, ನನಗೆ ಎರಡು. ಆಮೇಲೆ ಆ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿತು. ಅವರು ಬೇರೆ ಕಡೆ ಹೋದರು, ನಾವು ಬೇರೆ ಕಡೆ ಬಂದೆವು. ಜಗಳ ಏನೂ ಆಗಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಮದುವೆ, ಗೃಹಪ್ರವೇಶ, ತೀರಿಹೋದವರ ಬೊಜ್ಜದ ಊಟಗಳಲ್ಲಿ ಸಿಕ್ಕಿ “ಹೇಗಿದ್ದೀ?”, “ನೀವು ಹೇಗಿದ್ದೀರಿ?” ಎಂದು ಕೇಳಿಕೊಂಡು ಪಾಯಸ ಬರುವ ಹೊತ್ತಿಗೆ ಮಾತು ಮುಗಿಯುವಷ್ಟು ದೂರವಾದೆವು, ಅಷ್ಟೆ.

ನಿಶ್ಚಿತಾರ್ಥದ ದಿನ ನಾವಿಬ್ಬರೂ ಬಾಗಿಲಲ್ಲಿ ನಿಂತು ಗಂಡಿನ ಕಡೆಯವರನ್ನು ಬರಮಾಡಿಕೊಳ್ಳುತ್ತಿದ್ದೆವು. ಬೊಂಬಾಯಿಯಿಂದ ಬಂದ ಹುಡುಗನ ಸೋದರತ್ತೆ ನನ್ನ ಕೈ ಹಿಡಿದು, ಕಾಲು ಮುಟ್ಟಲು ಅರ್ಧ ಬಗ್ಗಿ, ಅಕ್ಕನತ್ತ ತಿರುಗಿ ಕೇಳಿದರು: “ಇವರು ನಿಮ್ಮ ಅತ್ತೆಯಾ?”

ಸುಮತಿ ಅಕ್ಕ ನಕ್ಕರು. ಆಮೇಲೆ, “ಅಯ್ಯೋ ಅಲ್ಲ, ನನ್ನ ಮೈದುನನ ಹೆಂಡತಿ” ಎಂದು ತಿದ್ದಿದರು. ಗಮನಿಸಿ. ನಕ್ಕಿದ್ದು ಮೊದಲು, ತಿದ್ದಿದ್ದು ಆಮೇಲೆ. ನಡುವೆ ಒಂದು ಗ್ಲಾಸು ಶರಬತ್ತು ಕುಡಿಯುವಷ್ಟು ಸಮಯವಿತ್ತು.

ಮನೆಗೆ ಬಂದು ನಮ್ಮವರ ಹತ್ತಿರ ಹೇಳಿಕೊಂಡೆ. ಮನೆಯಲ್ಲಿ ನಾವಾಡುವುದು ತುಳು, ನಿಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

“ನಾನು ಅಷ್ಟು ಮುದುಕಿಯ ಹಾಗೆ ಕಾಣ್ತೇನಾ?”

“ನನಗೆ ಹಾಗೆಂತ ಕಾಣುವುದಿಲ್ಲ” ಎಂದರು. ಸಮಾಧಾನವಾಗುವಷ್ಟರಲ್ಲಿ ಮುಂದುವರಿಸಿದರು, “ನನಗೆ ಎಂತದ್ದೂ ಸರಿ ಕಾಣುವುದಿಲ್ಲ. ಪೊರೆ ಬಂದಿರ್ಬೇಕು. ಕಣ್ಣಿನ ಡಾಕ್ಟ್ರ ಹತ್ರ ಹೋಗ್ಲಿಕ್ಕುಂಟು.”

ಮದುವೆಗೆ ಎರಡು ತಿಂಗಳಿತ್ತು. ಆ ಬೊಂಬಾಯಿಯ ಹೆಂಗಸಿನ ಮುಂದೆ ಒಮ್ಮೆಯಾದರೂ ಅಕ್ಕನ ತಂಗಿಯಂತೆ ಕಾಣದಿದ್ದರೆ ನನ್ನ ಹೆಸರು ಜಯಂತಿಯಲ್ಲ ಎಂದು ನಿರ್ಧರಿಸಿದೆ.

ಮೊದಲು ಹೋದದ್ದು ಮಾಲಿಗೆ. ಅಲ್ಲಿನ ಕೌಂಟರಿನಲ್ಲಿ ಒಂದು ಹುಡುಗಿ. ಅವಳ ಮುಖದಲ್ಲಿ ಒಂದು ರಂಧ್ರವೂ ಇರಲಿಲ್ಲ, ಹೇಗೆ ಬೆವರುತ್ತಾಳೋ ದೇವರೇ ಬಲ್ಲ.

“ಮೇಡಂ, ನಿಮ್ಮ ಕನ್ಸರ್ನ್ ಎಂತ?”

ಇಷ್ಟು ಪ್ರೀತಿಯಿಂದ ಯಾರೂ ಕೇಳಿ ಬಹಳ ದಿನವಾಗಿತ್ತು. “ನಮ್ಮವರ ಕಣ್ಣಿನ ಪೊರೆ ಒಂದು. ಮತ್ತೆ ನಮ್ಮ ಅಪಾರ್ಟ್‌ಮೆಂಟಿನ ನೀರಿನದ್ದು...”

“ಸ್ಕಿನ್ ಕನ್ಸರ್ನ್ ಮೇಡಂ.”

ಆಮೇಲೆ ಒಂದು ಯಂತ್ರವನ್ನು ನನ್ನ ಕೆನ್ನೆಗೆ ಹಿಡಿದಳು. ಯಂತ್ರ ಸ್ವಲ್ಪ ಹೊತ್ತು ಆಲೋಚಿಸಿ, ನನ್ನ ಚರ್ಮದ ಪ್ರಾಯ ಎಪ್ಪತ್ತನಾಲ್ಕು ಎಂದು ತೋರಿಸಿತು. ನಮ್ಮ ಅತ್ತೆ ತೀರಿಹೋದದ್ದು ಸರಿಯಾಗಿ ಆ ಪ್ರಾಯದಲ್ಲಿ. ಬೊಂಬಾಯಿಯ ಹೆಂಗಸಿನ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು, ಪಾಪ, ಅವರು ಲೆಕ್ಕ ತಪ್ಪಿರಲಿಲ್ಲ. ಹುಡುಗಿ ಹನ್ನೆರಡು ಬಾಟಲಿಗಳನ್ನು ಸಾಲಾಗಿ ಇಟ್ಟು ಯಾವುದರ ಮೇಲೆ ಯಾವುದು ಎಂದು ಹೇಳಿಕೊಟ್ಟಳು. ಪ್ರೈಮರಿನ ಮೇಲೆ ಕನ್ಸೀಲರೋ, ಕನ್ಸೀಲರಿನ ಮೇಲೆ ಪ್ರೈಮರೋ ಈಗಲೂ ನನಗೆ ಗೊತ್ತಿಲ್ಲ. ಮನೆಗೆ ಸುಣ್ಣ ಬಳಿಯುವಾಗಲೂ ಇಷ್ಟು ಕೋಟಿಂಗ್ ಕೊಟ್ಟಿರಲಿಲ್ಲ. ಕೊನೆಗೆ ಮರ್ಯಾದೆಗೆಂದು ಆ ಗುಲಾಬಿ ಸ್ಪಂಜೊಂದನ್ನು ಕೊಂಡು ಬಂದೆ.

ಇನ್ನೊಂದು ದಾರಿಯಿತ್ತು. ಕೊಡಿಯಾಲ್‌ಬೈಲಿನಲ್ಲಿ ಒಂದು ಮೇಕಪ್ ಸ್ಟುಡಿಯೋ. ಗಾಜಿನ ಬಾಗಿಲ ತುಂಬ ಮದುಮಗಳಂದಿರ ಫೋಟೋ. ಎಲ್ಲರೂ ಕಣ್ಣು ಮುಚ್ಚಿಕೊಂಡೇ ಇದ್ದರು. ಅದೇ ಸೂಚನೆಯಾಗಬೇಕಿತ್ತು, ನನಗೆ ತಿಳಿಯಲಿಲ್ಲ. ಫೋನು ಮಾಡಿ ಟ್ರಯಲ್‌ಗೆ ಹೋದೆ.

“ಆಂಟಿ, ಗ್ಲಾಸ್ ಸ್ಕಿನ್ ಮಾಡುವ” ಎಂದಳು ಅಲ್ಲಿನ ಹುಡುಗಿ.

“ಗ್ಲಾಸ್ ಅಂದ್ರೆ ಎಂತ ಮಗಾ?”

“ಅಂದ್ರೆ ಮುಖ ಗಾಜಿನ ಹಾಗೆ ಕಾಣ್ತದೆ.”

“ಒಳಗಿನದ್ದು ಕಾಣುವುದಿಲ್ಲ ಅಲ್ವಾ?”

ಅವಳಿಗೆ ತಮಾಷೆ ಅರ್ಥವಾಗಲಿಲ್ಲ, ಅಥವಾ ಕೆಲಸದಲ್ಲಿ ಮುಳುಗಿದ್ದಳು. ಒಂದೂವರೆ ಗಂಟೆ ಬಳಿದಳು, ಒತ್ತಿದಳು, ಊದಿದಳು. ನಡುವೆ ನನಗೆ ಜಿಂಕೆಯ ಪಾತ್ರ ನೆನಪಾಗಿ ನಗು ಬಂತು. “ನಗ್ಬೇಡಿ ಆಂಟಿ, ಕ್ರ್ಯಾಕ್ ಆಗ್ತದೆ” ಎಂದು ಗದರಿದಳು. ಕಣ್ಣು ಬಿಟ್ಟು ನೋಡಿದರೆ ಕನ್ನಡಿಯಲ್ಲಿ ಒಬ್ಬಳು ಅಪರಿಚಿತ ಹೆಂಗಸು. ಮುಖ ಬಿಳಿ, ಕುತ್ತಿಗೆ ಕಂದು, ನಡುವೆ ಗಡಿ. ಹುಬ್ಬುಗಳೆರಡೂ ಯಾರೋ ಕೆಟ್ಟ ಸುದ್ದಿ ಹೇಳಿದ ಹಾಗೆ ಮೇಲೇರಿ ಅಲ್ಲೇ ನಿಂತಿದ್ದವು.

ತೊಳೆದುಕೊಳ್ಳೋಣವೆಂದರೆ ಸಮಯವಿರಲಿಲ್ಲ. ಹನ್ನೆರಡು ಗಂಟೆಗೆ ಕಂಕನಾಡಿಯಲ್ಲಿ ನಮ್ಮವರ ಕಣ್ಣಿನ ತಪಾಸಣೆ. ಅವರು ಮನೆಯಿಂದ ನೇರ ಅಲ್ಲಿಗೆ ಹೋಗಿ ಕಾಯುತ್ತಿದ್ದರು. ಸೆರಗು ಮುಖಕ್ಕೆ ಎಳೆದುಕೊಂಡು ರಿಕ್ಷಾ ಹತ್ತಿದೆ. ಚಾಲಕ ಕನ್ನಡಿಯಲ್ಲಿ ಎರಡು ಸಲ ನೋಡಿ, ಬಹಳ ಗೌರವದಿಂದ ಕೇಳಿದ, “ಇವತ್ತು ನಾಟಕ ಎಲ್ಲಿ ಅಕ್ಕ?”

“ಕಂಕನಾಡಿಯಲ್ಲಿ” ಎಂದೆ. ಮತ್ತೇನು ಹೇಳಲಿ?

ಕಣ್ಣಿನ ಡಾಕ್ಟರರಲ್ಲಿ ನಮ್ಮವರ ಎರಡೂ ಕಣ್ಣಿಗೆ ಹನಿ ಹಾಕಿ ಕೂರಿಸಿದ್ದರು. ಪಾಪೆ ಅಗಲವಾಗಿ, ಎದುರಿನ ಗೋಡೆಯೂ ಕಾಣದ ಸ್ಥಿತಿ. ನಾನು ಪಕ್ಕದಲ್ಲಿ ಕೂತೆ. ಅವರು ನನ್ನ ಕಡೆ ತಿರುಗಿ, ಬಹಳ ಹೊತ್ತು ನೋಡಿ, “ಇವತ್ತು ಪೊರ್ಲು ಕಾಣ್ತಿ ಮಾರಾಯ್ತಿ” ಎಂದರು. ಮೂವತ್ತಮೂರು ವರ್ಷದ ದಾಂಪತ್ಯದಲ್ಲಿ ಚೆಂದವೆಂದು ಅವರು ಹೇಳಿದ್ದು ಅದೇ ಮೊದಲು. ಹೇಳಿದಾಗ ಕಣ್ಣು ಕಾಣುತ್ತಿರಲಿಲ್ಲ.

ನನ್ನ ಇನ್ನೊಂದು ಪಕ್ಕದಲ್ಲಿ ಒಬ್ಬರು ಹೆಂಗಸು ಕೂತಿದ್ದರು. ಎಪ್ಪತ್ತರ ಹತ್ತಿರದ ಪ್ರಾಯ, ಹೂವಿನ ಫ್ರಾಕು, ಕತ್ತಿನಲ್ಲಿ ಸಣ್ಣ ಶಿಲುಬೆ. ಅವರು ನನ್ನನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಬಗ್ಗಿ ಮೆಲ್ಲಗೆ ಕೇಳಿದರು, “ಯಾರು ಮಾಡಿದ್ದು ನಿಮಗೆ ಇದು?”

ಮುರಿದ ಮೂಳೆಯನ್ನು ಯಾರೋ ತಪ್ಪಾಗಿ ಕೂಡಿಸಿದ್ದನ್ನು ಕಂಡ ಡಾಕ್ಟರರು ಕೇಳುವ ಹಾಗಿತ್ತು.

“ಒಂದು ಹುಡುಗಿ...”

“ನಿಮಗೂ ಅವಳಿಗೂ ಎಂತಾದ್ರೂ ಜಗಳ ಉಂಟಾ?”

ನನಗೆ ನಗು ಬಂತು, ಆ ಹುಡುಗಿ ಹೇಳಿದ ಹಾಗೆಯೇ ಕ್ರ್ಯಾಕ್ ಆಯಿತು. ಅವರು ಸುಮ್ಮನೆ ತಲೆಯಾಡಿಸಿದರು. “ಇಲ್ಲಿ ಕಂಕನಾಡಿ ಮಾರ್ಕೆಟಿನ ಹಿಂದೆ ಒಂದು ಬೇಕರಿ ಉಂಟು. ಅದರ ಮಾಳಿಗೆಯಲ್ಲಿ ನನ್ನ ರೂಮು. ಬೋರ್ಡಿಲ್ಲ. ಐರಿನ್ ಬಾಯಿ ಅಂತ ಕೇಳಿ, ಹೇಳ್ತಾರೆ. ಬರುವಾಗ ಮುಖ ತೊಳೆದು ಬನ್ನಿ. ಎರಡು ಸಲ ತೊಳೀರಿ.”

ಮರುದಿನವೇ ಹೋದೆ. ಕಡಿದಾದ ಮರದ ಮೆಟ್ಟಿಲು, ಕೆಳಗಿನಿಂದ ಬನ್ನಿನ ವಾಸನೆ. ರೂಮಿನಲ್ಲಿ ಎರಡು ಕುರ್ಚಿ, ಒಂದು ಕಿಟಕಿ, ಗೋಡೆಯಲ್ಲಿ ಮಾತೆ ಮೇರಿಯ ಚಿತ್ರ. ಮದುಮಗಳ ಫೋಟೋ ಒಂದೂ ಇರಲಿಲ್ಲ. ಐರಿನ್ ಬಾಯಿ ಚಹಾ ತರಿಸಿದರು, ಜೊತೆಗೆ ಖಾರದ ಬಿಸ್ಕತ್ತು. ಮೇಕಪ್ಪಿನ ಡಬ್ಬಿಯನ್ನು ತೆರೆಯಲೇ ಇಲ್ಲ. “ಮಾತಾಡಿ” ಎಂದರು.

“ಎಂತ ಮಾತಾಡುವುದು ಬಾಯಿ?” ಎಂದೆ. ಅವರಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೆ.

“ಎಂತ ಬೇಕಾದ್ರೂ. ನೀವು ಸುಮ್ಮನೆ ಕೂತ್ರೆ ನಿಮ್ಮ ಮುಖ ನನಗೆ ಸಿಗುವುದಿಲ್ಲ.”

ಮಾತಾಡಿದೆ. ಬಹಳ ವರ್ಷಗಳಿಂದ ಲೈನು ಕೊಟ್ಟು ಕೊಟ್ಟು ಬೇರೆಯವರ ಮಾತಿಗೆ ದಾರಿ ಮಾಡಿದವಳಿಗೆ ಆ ದಿನ ನನ್ನದೇ ಲೈನು ಸಿಕ್ಕಿತು. ನಿಶ್ಚಿತಾರ್ಥದ್ದು ಹೇಳಿದೆ, ಯಂತ್ರದ್ದು ಹೇಳಿದೆ, ಸಿಹಿತಿಂಡಿ ತಂದವನದ್ದು ಹೇಳಿದೆ. ಅವರು ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಏನೋ ಗೀಚುತ್ತಿದ್ದರು.

“ನಗುವಾಗ ನಿಮ್ಮ ಎಡದ ಕೆನ್ನೆ ಮೊದಲು ಹೋಗ್ತದೆ, ಬಲದ್ದು ಆಮೇಲೆ ಬರ್ತದೆ. ಲೇಟು. ಅದು ಚೆಂದ ಉಂಟು, ಅದನ್ನು ಮುಟ್ಲಿಕ್ಕಿಲ್ಲ” ಎಂದರು. “ಸುಕ್ಕನ್ನು ಮುಚ್ಚುವುದು ಅಂತ ಎಲ್ಲರೂ ಪೌಡರ್ ತುಂಬಿಸ್ತಾರೆ. ಮಾರ್ಗದ ಹೊಂಡಕ್ಕೆ ಜಲ್ಲಿ ಹಾಕಿದ ಹಾಗೆ. ಎರಡು ದಿನದಲ್ಲಿ ಜಲ್ಲಿಯೂ ಕಾಣ್ತದೆ, ಹೊಂಡವೂ ಕಾಣ್ತದೆ.”

ಇಷ್ಟು ತಿಳಿದವರು ಇಷ್ಟು ವರ್ಷ ಎಲ್ಲಿದ್ದರು ಎಂದು ನನಗೆ ಆಶ್ಚರ್ಯ. “ಬಾಯಿ, ನಮ್ಮಂಥ ಪ್ರಾಯದವರಿಗೆ ಮಾಡಿ ನಿಮಗೆ ಅಭ್ಯಾಸ ಉಂಟಾ?”

“ಉಂಟಲ್ಲ. ನನ್ನ ಹೆಚ್ಚಿನ ಗಿರಾಕಿಗಳೆಲ್ಲ ಎಂಬತ್ತು ದಾಟಿದವರು.”

“ಓ! ಎಂಬತ್ತರಲ್ಲಿ ಮೇಕಪ್ಪಾ? ಯಾವ ಕಾರ್ಯಕ್ರಮಕ್ಕೆ?”

“ಅವರದ್ದೇ ಮರಣಕ್ಕೆ.”

ಬಿಸ್ಕತ್ತು ಗಂಟಲಲ್ಲೇ ನಿಂತಿತು. ಐರಿನ್ ಬಾಯಿ ಶಾಂತವಾಗಿ ನನ್ನ ಬೆನ್ನು ತಟ್ಟಿ ನೀರು ಕೊಟ್ಟರು. ಅವರ ಸಮುದಾಯದಲ್ಲಿ ತೀರಿಹೋದವರಿಗೆ ಒಳ್ಳೆಯ ಬಟ್ಟೆ ತೊಡಿಸಿ ಮಲಗಿಸುತ್ತಾರಲ್ಲ, ಆಗ ಮುಖ ಸ್ವಲ್ಪ ಸರಿ ಮಾಡಿ ಕೊಡಲು ಇವರನ್ನು ಕರೆಯುತ್ತಾರಂತೆ. ಮೂವತ್ತು ವರ್ಷದಿಂದ ಮಾಡುತ್ತಿದ್ದಾರಂತೆ.

“ಇಷ್ಟರವರೆಗೆ ಒಬ್ಬರೂ ಕಂಪ್ಲೇಂಟ್ ಮಾಡ್ಲಿಲ್ಲ” ಎಂದರು. ನಾನು ಮೆಲ್ಲಗೆ ನನ್ನ ಕೈಯನ್ನೇ ಮುಟ್ಟಿಕೊಂಡೆ, ಬೆಚ್ಚಗಿತ್ತು. “ನಗ್ಬೇಡಿ. ಅದು ಕಷ್ಟದ ಕೆಲಸ. ತುಂಬ ಹಚ್ಚಿದ್ರೆ ಮಕ್ಕಳು ಬಂದು, ಇದು ಯಾರು ಅಂತ ನೋಡ್ತಾರೆ. ಕಮ್ಮಿ ಆದ್ರೆ ಹೆದರ್ತಾರೆ. ಸರಿಯಾದ್ರೆ, ಅಯ್ಯೋ ನಮ್ಮ ಅಮ್ಮ ಅಂತ ಅಳ್ತಾರೆ. ಅವರು ಅತ್ತರೆ ನನಗೆ ಸಮಾಧಾನ, ಕೆಲಸ ಸರಿಯಾಯ್ತು ಅಂತ.”

ಈ ಮಾತನ್ನು ಮನೆಗೆ ಹೋಗುವವರೆಗೂ ಆಲೋಚಿಸಿದೆ. ಅಮ್ಮ ಹೋದ ದಿನ ನೆನಪಾಯಿತು. ಅರಸಿನ ಹಚ್ಚಿದ ಆ ಮುಖ ಅಮ್ಮನದ್ದೇ ಆಗಿತ್ತು, ನಾನೂ ಅತ್ತಿದ್ದೆ. ನಮ್ಮವರಿಗೆ ಐರಿನ್ ಬಾಯಿಯ ವಿಷಯ ಹೇಳಿದೆ. ಅವರು ಎಲ್ಲವನ್ನೂ ಕೇಳಿ, “ಒಳ್ಳೆದಾಯ್ತು. ಒಂದೇ ಕಡೆ ಎರಡೂ ಕೆಲಸ ಆಗ್ತದೆ, ಮತ್ತೆ ಹುಡುಕ್ಲಿಕ್ಕಿಲ್ಲ” ಎಂದರು.

ಮದುವೆಗೆ ಮೊದಲು ನಮ್ಮವರ ಪೊರೆಯ ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದ ದಿನ ನನ್ನನ್ನು ನೋಡಿದ ಕೂಡಲೇ ಗೋಡೆಯ ಕಡೆ ತಿರುಗಿದರು. ಆಮೇಲೆ, “ನಮ್ಮ ಮನೆಯ ಗೋಡೆ ಇಷ್ಟು ಹಾಳಾಗಿದೆಯಾ?” ಎಂದು ವಿಷಯ ಬದಲಿಸಿದರು. ಒಳ್ಳೆಯ ಮನುಷ್ಯ.

ಮದುವೆಯ ಬೆಳಿಗ್ಗೆ ಐರಿನ್ ಬಾಯಿ ಮನೆಗೇ ಬಂದರು. ಕಿಟಕಿಯ ಬೆಳಕಿಗೆ ಕೂರಿಸಿದರು. ನನ್ನನ್ನು ಮಾತಾಡಿಸುತ್ತಲೇ, ಬೆರಳ ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಹಚ್ಚಿ, ಉದುರಿದ್ದ ಹುಬ್ಬಿಗೆ ಕೂದಲಿನಂಥ ನಾಲ್ಕು ಗೆರೆ ಎಳೆದು, ತುಟಿಗೆ ನನ್ನ ತುಟಿಯದ್ದೇ ಬಣ್ಣವನ್ನು ಸ್ವಲ್ಪ ಜಾಸ್ತಿ ಮಾಡಿ, ಅರ್ಧ ಗಂಟೆಯೊಳಗೆ “ಆಯ್ತು” ಎಂದರು. ಕನ್ನಡಿ ನೋಡಿದೆ. ನಾನೇ ಇದ್ದೆ. ಎಂಟು ಗಂಟೆ ಚೆನ್ನಾಗಿ ನಿದ್ದೆ ಮಾಡಿ, ಎದ್ದ ಕೂಡಲೇ ಒಂದು ಒಳ್ಳೆಯ ಸುದ್ದಿ ಕೇಳಿದ ನಾನು.

ಸತ್ಯ ಹೇಳುತ್ತೇನೆ, ಮೊದಲು ನಿರಾಶೆಯೇ ಆಯಿತು. “ಇಷ್ಟೇಯಾ ಬಾಯಿ?”

“ಇಷ್ಟೇ. ಇನ್ನು ಹಚ್ಚಿದ್ರೆ ಬೇರೆಯವರಾಗ್ತೀರಿ.”

ಕೋಣೆಯಿಂದ ಹೊರಗೆ ಬಂದಾಗ ನಮ್ಮವರು ಹೊಸ ಕಣ್ಣಿನಿಂದ ನೋಡಿದರು. “ಎಂತ, ಇವತ್ತು ಒಂಥರ ಉಂಟು... ಮೊದಲಿನ ಹಾಗೆ ಕಾಣ್ತಿ” ಎಂದರು. ಐರಿನ್ ಬಾಯಿಯ ಗಿರಾಕಿಗಳ ಮನೆಯವರು ಹೇಳುವುದೂ ಇಂಥದ್ದೇ ಮಾತಲ್ಲವೇ? ಸಂತೋಷಪಡಬೇಕೋ ನಾಡಿ ನೋಡಿಕೊಳ್ಳಬೇಕೋ ತಿಳಿಯಲಿಲ್ಲ. ಅವರು ಅಳಲಿಲ್ಲ ಎಂಬುದೇ ಸಮಾಧಾನ.

ಇನ್ನು ಮದುವೆ ಹಾಲ್‌ನಲ್ಲಿ ಆದದ್ದು ಕೇಳಿ. ಎರಡು ತಿಂಗಳ ತಪಸ್ಸಿನ ಮುಖ ಹೊತ್ತುಕೊಂಡು ಎಲ್ಲಿ ಬೆಳಕು ಚೆನ್ನಾಗಿದೆಯೋ ಅಲ್ಲೆಲ್ಲ ಹೋಗಿ ನಿಂತೆ. ಒಬ್ಬರಿಗಾದರೂ ಗೊತ್ತಾಗಬೇಡವೇ! ನಮ್ಮವರ ಸೋದರತ್ತೆಯ ಮಗಳು, “ತೂಕ ಕಮ್ಮಿ ಆಯ್ತಾ ಜಯಂತಿ?” ಎಂದಳು. ಇನ್ನೊಬ್ಬರು, “ಕನ್ನಡಕ ತೆಗ್ದ್ರಾ?” ಎಂದು ಕೇಳಿದರು, ನಾನು ಕನ್ನಡಕ ಹಾಕಿಯೇ ಇಲ್ಲ. ಮೂರನೆಯವರು ನನ್ನ ಸೀರೆಯನ್ನು ಹೊಗಳಿದರು, ಅದು ಅವರೇ ಕೊಟ್ಟ ಸೀರೆ. ಮೇಕಪ್ ಚೆನ್ನಾಗಿದೆ ಎಂದು ಒಂದು ಪ್ರಾಣಿಯೂ ಹೇಳಲಿಲ್ಲ. ಒಳ್ಳೆಯ ಮೇಕಪ್ ಎಂದರೆ ಕಾಣದಿರುವುದು ಎಂದು ಐರಿನ್ ಬಾಯಿ ಹೇಳಿದ್ದರು, ನಿಜ. ಆದರೆ ಇಷ್ಟು ಒಳ್ಳೆಯದಾಗಿ ಯಾಕೆ ಮಾಡಬೇಕಿತ್ತು? ಕೆಳಗೊಂದು ಮೂಲೆಯಲ್ಲಿ ಸಹಿ ಹಾಕಿದ್ದರೂ ಆಗುತ್ತಿತ್ತು.

ಆಮೇಲೆ ಬೊಂಬಾಯಿಯ ಸೋದರತ್ತೆ ಬಂದರು. ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು. ಅಕ್ಕ ಆ ದಿನ ಮದುಮಗಳ ಮೇಕಪ್ಪಿನವರ ಕೈಗೆ ಸಿಕ್ಕಿ, ಬಿಳಿ ಮುಖ, ಕಂದು ಕುತ್ತಿಗೆ, ಎದ್ದ ಹುಬ್ಬುಗಳಲ್ಲಿ ನಿಂತಿದ್ದರು.

“ಇವರು ನಿಮ್ಮ ತಂಗಿಯಾ?” ಎಂದು ಅಕ್ಕನನ್ನು ಕೇಳಿದರು ಪುಣ್ಯಾತ್ಗಿತ್ತಿ.

ಈ ಸಲ ನಾನು ನಕ್ಕೆ. ತಿದ್ದಲು ನಿಧಾನ ಮಾಡಿದೆ.

ಧಾರೆಯಾಗಿ ಎಲ್ಲರೂ ಊಟಕ್ಕೆ ಎದ್ದಾಗ ಅಕ್ಕ ನನ್ನ ಮೊಣಕೈ ಹಿಡಿದು ಸ್ಟೇಜಿನ ಹಿಂದೆ ಎಳೆದುಕೊಂಡು ಹೋದರು. ಮುಖದ ಹತ್ತಿರ ಮುಖ ತಂದು ಕೇಳಿದರು, “ಎಂತ ಮಾಡಿದ್ದೀ ನೀನು?”

ಹೇಳಬಹುದಿತ್ತು. ಹೇಳಬೇಕೆಂದೇ ಬೆಳಿಗ್ಗೆಯಿಂದ ಒದ್ದಾಡುತ್ತಿದ್ದವಳು ನಾನು. ಆದರೆ ಬಾಯಿ ತೆರೆದರೆ ಬಂದದ್ದು ಬೇರೆಯೇ. “ಎಂತ ಇಲ್ಲ ಅಕ್ಕ. ವಾಕಿಂಗ್.”

“ವಾಕಿಂಗಾ? ಎಲ್ಲಿ?”

“ಕದ್ರಿ ಪಾರ್ಕಿನಲ್ಲಿ. ದಿನಾ ಬೆಳಿಗ್ಗೆ ಆರಕ್ಕೆ. ನಾಲ್ಕು ಸುತ್ತು.” ಸುಳ್ಳಿಗೆ ವಿವರ ಸೇರಿಸಿದಷ್ಟು ಗಟ್ಟಿಯಾಗುತ್ತದೆ ಎಂದು ಯಾರು ಹೇಳಿದರೋ, ಅವರಿಗೆ ನನಗಿರುವಂಥ ಓರಗಿತ್ತಿ ಇರಲಿಲ್ಲ.

“ಹಾಗಾದ್ರೆ ಮುಂದಿನ ಸೋಮವಾರದಿಂದ ನಾನೂ ಬರ್ತೇನೆ” ಎಂದರು ಅಕ್ಕ. “ರಕ್ಷಾ ಹೋದ ಮೇಲೆ ನನಗೆ ಬೆಳಿಗ್ಗೆ ಮಾಡ್ಲಿಕ್ಕೆ ಕೆಲಸ ಎಂತ ಉಂಟು?”

ಸೋಮವಾರ ಬಂತು. ಆಫೀಸಿಗೆ ಹೋಗುವ ಕಾಲದಲ್ಲೂ ಆರೂವರೆಗೆ ಮೊದಲು ಏಳದವಳು ಐದಕ್ಕೆ ಎದ್ದೆ. ಪಾರ್ಕಿಗೆ ಹೋದರೆ ಒಳಗೆ ಹೋಗುವ ದಾರಿಯೇ ಗೊತ್ತಿಲ್ಲ. “ದಿನಾ ಬರುವವಳು, ಗೇಟ್ ಗೊತ್ತಿಲ್ವಾ?” ಎಂದು ಅಕ್ಕ ಕೇಳಿದರು. “ನಾನು ಬೇರೆ ಗೇಟಿನಿಂದ ಬರುವುದು” ಎಂದೆ. ದಿನಾ ಬರುವವಳಿಗೆ ಒಬ್ಬರಾದರೂ ಪರಿಚಯದವರು ಬೇಡವೇ ಎಂದು, ಎದುರು ಬಂದ ಒಬ್ಬ ಗೃಹಸ್ಥರಿಗೆ ಬಹಳ ಆತ್ಮೀಯವಾಗಿ “ಗುಡ್ ಮಾರ್ನಿಂಗ್! ನಿನ್ನೆ ಕಾಣ್ಲೇ ಇಲ್ಲ!” ಎಂದುಬಿಟ್ಟೆ. ಅವರು ಗಾಬರಿಯಾಗಿ ಕೈ ಮುಗಿದರು. ಮರುದಿನ ಹೆಂಡತಿಯನ್ನು ಕರೆದುಕೊಂಡು ಬಂದರು. ಮೂರನೆಯ ದಿನದಿಂದ ದಂಪತಿ ನಾವು ಸುತ್ತುವ ದಿಕ್ಕಿನಲ್ಲೇ, ನಮ್ಮಿಂದ ಒಂದು ಫರ್ಲಾಂಗು ಹಿಂದೆ ಸುತ್ತತೊಡಗಿದರು, ನಮ್ಮ ಎದುರು ಬೀಳಲೇ ಇಲ್ಲ.

ಅಷ್ಟು ಸಾಲದೆಂಬಂತೆ, ವಾಕಿಂಗಿನಿಂದ ಬಂದ ಹೊಳಪನ್ನು ಉಳಿಸಿಕೊಳ್ಳಬೇಕಲ್ಲ, ಅದಕ್ಕಾ‌ಗಿ ವಾಕಿಂಗಿಗೆ ಹೊರಡುವ ಮೊದಲು ಸ್ವಲ್ಪ ಮೇಕಪ್. ಕರಾವಳಿಯ ಸೆಕೆಯಲ್ಲಿ ಎರಡನೆಯ ಸುತ್ತಿಗೆ ಹುಬ್ಬು ಇಳಿಯುತ್ತಿತ್ತು. ಬೆವರು ಒರೆಸುವ ನೆಪದಲ್ಲಿ ಮರದ ಮರೆಗೆ ಹೋಗುತ್ತಿದ್ದೆ.

ಆದರೆ ನಾಲ್ಕು ಸುತ್ತು ಎಂದರೆ ತುಂಬ ಮಾತು. ಮೊದಲ ವಾರ ಸೊಸೆಯಂದಿರು, ಸಕ್ಕರೆ ಕಾಯಿಲೆ, ಮೀನಿನ ಕ್ರಯ. ಎರಡನೆಯ ವಾರ ಹಳೇ ಮನೆ ಬಂತು. ಅತ್ತೆಯ ಕಣ್ಣು ತಪ್ಪಿಸಿ ನಾವಿಬ್ಬರೂ ಗೋಳಿಬಜೆ ತರಿಸಿ ತಿಂದದ್ದು, ಅತ್ತೆ ಎಣ್ಣೆಯ ಕಾಗದ ಹಿಡಿದುಕೊಂಡು ತನಿಖೆ ಮಾಡಿದ್ದು, ಅಕ್ಕ ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದು. ಅಕ್ಕ ನಕ್ಕು ನಕ್ಕು ಬೆಂಚಿನ ಮೇಲೆ ಕೂತರು. ಈ ಹೆಂಗಸು ಇಷ್ಟು ನಗುತ್ತಾರೆಂಬುದನ್ನೇ ನಾನು ಮರೆತಿದ್ದೆ. ಪ್ರತಿದಿನ ಮನೆಗೆ ಬರುವಾಗ ಹೊಟ್ಟೆಯಲ್ಲಿ ಆ ಸುಳ್ಳು ಮಾತ್ರ ಜೀರ್ಣವಾಗದ ಹಲಸಿನ ತೊಳೆಯ ಹಾಗೆ ಕೂತಿರುತ್ತಿತ್ತು.

ಒಂದೂವರೆ ತಿಂಗಳು ತಡೆದೆ. ಒಂದು ದಿನ ಮೂರನೆಯ ಸುತ್ತಿನಲ್ಲಿ ನಿಂತುಬಿಟ್ಟೆ. “ಅಕ್ಕ, ಒಂದು ವಿಷಯ ಹೇಳ್ಲಿಕ್ಕುಂಟು. ಮದುವೆ ದಿನ ನನ್ನ ಮುಖದಲ್ಲಿ ಇದ್ದದ್ದು ವಾಕಿಂಗ್ ಅಲ್ಲ.”

“ಗೊತ್ತುಂಟು” ಎಂದರು ಅಕ್ಕ.

“ಯಾವಾಗ ಗೊತ್ತಾದದ್ದು?”

“ಆ ದಿನವೇ. ವಾಕಿಂಗ್ ಮಾಡಿದ್ರೆ ಹುಬ್ಬು ಬೆಳೆಯುವುದಿಲ್ಲ ಅಂತ ನನಗೆ ಗೊತ್ತಿಲ್ವಾ?”

“ಮತ್ತೆ ಒಂದೂವರೆ ತಿಂಗಳು ನೀವು ನಡೆದದ್ದು ಎಂತಕ್ಕೆ?”

“ನೀನು ಆ ಮೇಕಪ್ ಮಾಡಿದವಳ ಹೆಸರು ಹೇಳ್ತೀಯಾ ಇಲ್ವಾ ನೋಡುವ ಅಂತ. ಎಂಥ ಗಟ್ಟಿ ಹೆಂಗಸು ಮಾರಾಯ್ತಿ ನೀನು! ನನ್ನ ಮೊಣಕಾಲು ಹೋಯ್ತು.”

ಅಲ್ಲೇ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬೇಕರಿಯ ದಾರಿ, ಮರದ ಮೆಟ್ಟಿಲು, ಬರುವಾಗ ಮುಖ ತೊಳೆದು ಬರಬೇಕೆಂಬುದು. ಎಂಬತ್ತು ದಾಟಿದ ಗಿರಾಕಿಗಳ ವಿಷಯ ಮಾತ್ರ ಹೇಳಲಿಲ್ಲ. ಅದನ್ನು ಖಾರದ ಬಿಸ್ಕತ್ತು ತಿನ್ನುವಾಗ ಐರಿನ್ ಬಾಯಿಯೇ ಹೇಳಲಿ.

ಮರುದಿನ ನಾನು ಏಳಲಿಲ್ಲ. ಹೆಸರು ಸಿಕ್ಕಿತಲ್ಲ, ಇನ್ನು ಅವರೇಕೆ ನಡೆಯುತ್ತಾರೆ ಎಂದು ಹೊದ್ದು ಮಲಗಿದ್ದೆ. ನಿದ್ದೆ ಬರಲಿಲ್ಲ, ಅದು ಬೇರೆ. ಆರೂ ಹತ್ತಕ್ಕೆ ಫೋನು ಬಡಿಯಿತು.

“ಎಲ್ಲಿದ್ದೀ? ನಾನು ಗೇಟಿನ ಹತ್ರ ನಿಂತು ಹತ್ತು ನಿಮಿಷ ಆಯ್ತು.”

“ಇನ್ನು ಎಂತಕ್ಕೆ ಅಕ್ಕ?”

“ಎಂತಕ್ಕೆ ಅಂದ್ರೆ? ಅತ್ತೆ ಬಾವಿಕಟ್ಟೆಯಲ್ಲಿ ಕೂತು ಉಪವಾಸ ಮಾಡಿದ ಕತೆ ನಿನ್ನೆ ಅರ್ಧದಲ್ಲಿ ಬಿಟ್ಟಿದ್ದೀ. ಬೇಗ ಬಾ.”

ಮುಖವನ್ನೂ ತೊಳೆಯದೆ, ಚಪ್ಪಲಿ ಮೆಟ್ಟಿಕೊಂಡು ಓಡಿದೆ.